ಎಲ್ವುಡ್ ಟಿಪ್ಟನ್ ಕಾರು ಪರೀಕ್ಷಿಸಿದ್ದು

ಕೆಂಟಕಿ ರಾಜ್ಯದ ನಮ್ಮ ಟರ್ನರ್ಸ್ ಬೆಂಡ್ ಊರಿನಲ್ಲಿ ಕಾರುಗಳ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಇಬ್ಬರು. ಒಬ್ಬ ಗ್ಯಾರೇಜಿನ ಡೂಲಿ. ಅವನು ಮಾತಾಡುವುದಿಲ್ಲ. ಇನ್ನೊಬ್ಬ ಎಲ್ವುಡ್ ಟಿಪ್ಟನ್.

ಎಲ್ವುಡ್ ಕೌಂಟಿ ಕಚೇರಿಯಲ್ಲಿ ಮೂರನೆಯ ಕಿಟಕಿಯ ಗುಮಾಸ್ತ. ಗಾಡಿಗಳ ನೋಂದಣಿ, ನಂಬರ್ ಪ್ಲೇಟು, ಹೆಸರು ಬದಲಾವಣೆ ಎಲ್ಲವೂ ಅವನ ಕಿಟಕಿಯಲ್ಲೇ ಆಗಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಕೌಂಟಿಯ ಪ್ರತಿಯೊಂದು ಕಾರೂ ಅವನ ಕೈಯಲ್ಲಿ ಹಾದುಹೋಗಿದೆ, ಕಾಗದದ ರೂಪದಲ್ಲಿ. ಹಾಗೆ ಹೋಗುವಾಗ ಅವೆಲ್ಲ ತಮ್ಮ ಒಳಗುಟ್ಟನ್ನು ತನಗೆ ಹೇಳಿ ಹೋಗಿವೆ ಎಂದು ಅವನ ನಂಬಿಕೆ. ಕ್ಷೌರದಂಗಡಿಯಲ್ಲಿ ಯಾರಾದರೂ ಕಾರಿನ ಮಾತು ತೆಗೆದರೆ ಎಲ್ವುಡ್ ಮೊದಲು ದೀರ್ಘವಾಗಿ "ಹೂಂ" ಎನ್ನುತ್ತಾನೆ. ಆಮೇಲೆ "ಎಲ್ಲ ಗೇರ್‌ಬಾಕ್ಸಿಂದ ಶುರುವಾಗೋದು" ಎನ್ನುತ್ತಾನೆ. ಏನು ಶುರುವಾಗುತ್ತದೆ ಎಂದು ಇವತ್ತಿನವರೆಗೂ ಯಾರೂ ಕೇಳಿಲ್ಲ.

ನಾನು ಈ ಊರಿನ ಮೆಥಡಿಸ್ಟ್ ಚರ್ಚಿನ ಪಾಸ್ಟರ್. ಉತ್ತರದ ಕಡೆಯವನು, ಬಂದು ಹನ್ನೊಂದು ವರ್ಷವಾಯಿತು. ಕಾರುಗಳ ಬಗ್ಗೆ ನನ್ನ ತಿಳಿವಳಿಕೆ ಇಷ್ಟೆ: ನನ್ನದಕ್ಕೆ ನಾಲ್ಕು ಬಾಗಿಲು, ಅದರಲ್ಲಿ ಮೂರು ತೆರೆಯುತ್ತವೆ. ಮುಂದೆ ನಡೆದದ್ದರಲ್ಲಿ ನನ್ನ ಪಾಲಿನ ತಪ್ಪು ಏನೆಂದು ಯಾರಾದರೂ ಕೇಳಿದರೆ, ಅದೂ ಇಷ್ಟೆ.

ಚರ್ಚಿನ ಎದುರು ಮನೆಯ ಹರ್ಶೆಲ್ ಗ್ಯಾಡಿಯವರು ಆ ವರ್ಷ ಮಾರ್ಚಿನಲ್ಲಿ ತೀರಿಕೊಂಡರು. ನಲವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದವರು. ಮೊಳೆ ತೂಗುವಾಗ ಗಿರಾಕಿಗೆ ಒಂದು ಮೊಳೆ ಹೆಚ್ಚೇ ಹಾಕುತ್ತಿದ್ದರು. ಅವರ ಬದುಕಿನಲ್ಲಿ ಇದ್ದದ್ದು ಒಂದೇ ಒಂದು ಷೋಕಿ: ನೀಲಿ ಬಣ್ಣದ, ೧೯೬೬ರ ಕಾರ್ವೆಟ್. ಎರಡೇ ಸೀಟು, ಉದ್ದ ಮೂತಿ, ನಿಂತಲ್ಲೇ ಓಡುತ್ತಿರುವಂತೆ ಕಾಣುವ ಗಾಡಿ. ಭಾನುವಾರ ಮಧ್ಯಾಹ್ನ ಎರಡಕ್ಕೆ ಅದನ್ನು ಹೊರತೆಗೆದು ಗುಡ್ಡದ ತನಕ ಹೋಗಿ ಬರುತ್ತಿದ್ದರು, ಒಬ್ಬರೇ. ಹೆಂಡತಿಯನ್ನು ಕೇಳದೆ ಕೊಂಡ ಕಾರು ಅದು. "ಅದರಲ್ಲಿ ನಾನು ಕೂತ್ರೆ ಕೇಳು" ಎಂದಿದ್ದ ಮಿಸ್ ಓಪಲ್ ಇಪ್ಪತ್ತೆರಡು ವರ್ಷ ಮಾತು ಉಳಿಸಿಕೊಂಡರು. ಮದುವೆಯಾದ ಹಿರಿಯ ಹೆಂಗಸರನ್ನೂ ಇಲ್ಲಿ ಗೌರವಕ್ಕೆ ಮಿಸ್ ಎಂದೇ ಕರೆಯುವುದು.

ಜೂನ್ ತಿಂಗಳಲ್ಲಿ ಮಿಸ್ ಓಪಲ್ ಶೆಡ್ಡಿನ ಮುಂದೆ 'ಮಾರಾಟಕ್ಕಿದೆ' ಎಂದು ಹಲಗೆ ನೆಟ್ಟರು. ಹದಿನೆಂಟು ಸಾವಿರ ಡಾಲರಿಗಿಂತ ಕಡಿಮೆಗೆ ಕೊಡಬೇಡ ಎಂದು ಹರ್ಶೆಲ್ ಹೇಳಿ ಹೋಗಿದ್ದರಂತೆ. ಹಲಗೆ ನೆಟ್ಟು ಇಪ್ಪತ್ತು ನಿಮಿಷಕ್ಕೆ ಎಲ್ವುಡ್ ಅಲ್ಲಿದ್ದ. ಭಾನುವಾರದ ಎರಡು ಗಂಟೆಗೆ ಆ ಕಾರು ತನ್ನ ಮನೆ ಮುಂದೆ ಹಾದುಹೋಗುವುದನ್ನು ನೋಡಲೆಂದೇ ವರ್ಷಗಟ್ಟಲೆ ಜಗಲಿಯಲ್ಲಿ ಕುರ್ಚಿ ಹಾಕಿ ಕೂತವನು ಅವನು. ಅಪ್ಪನ ತಂಬಾಕಿನ ಹೊಲ ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಅದು ಹೊಸ ಬಚ್ಚಲುಮನೆಗೆ ಎಂದು ಹೆಂಡತಿ ಲರ್ಲೀನ್ ತಿಳಿದಿದ್ದಳು. ಎಲ್ವುಡ್ ತಿಳಿದಿರಲಿಲ್ಲ.

ಶುಕ್ರವಾರ ಸಂಜೆ ಪರೀಕ್ಷೆ ಎಂದು ನಿಗದಿಯಾಯಿತು. ಮಿಸ್ ಓಪಲ್ ನನ್ನನ್ನೂ ಕರೆದರು. "ಬನ್ನಿ ಪಾಸ್ಟರ್. ಗಂಡಸು ಕಾರು ಕೊಳ್ಳೋವಾಗ ಬಾಯಿಗೆ ಬಂದಂಗೆ ಸುಳ್ಳು ಹೇಳ್ತಾನೆ. ನೀವಿದ್ರೆ ಸ್ವಲ್ಪ ಹಿಡಿತದಲ್ಲಿರ್ತಾನೆ."

ಎಲ್ವುಡ್ ಟೈ ಕಟ್ಟಿಕೊಂಡು ಬಂದ. ಅಂಗಿಯ ಜೇಬಿನಿಂದ ಒಂದು ಗುಲಾಬಿ ಹಂದಿಮರಿಯನ್ನು ತೆಗೆದ. ಲರ್ಲೀನಳ ಫ್ರಿಜ್ಜಿನ ಬಾಗಿಲಿಗೆ ಚೀಟಿ ಸಿಕ್ಕಿಸುವ ಆಯಸ್ಕಾಂತ ಅದು. ದಂತವೈದ್ಯರ ಕೋಣೆಯ ಹೊರಗೆ ಕಾಯುವಾಗ ಅವನು ಯಾವುದೋ ಪತ್ರಿಕೆಯಲ್ಲಿ ಓದಿದ್ದನಂತೆ: ಹಳೇ ಕಾರು ಕೊಳ್ಳುವವರು ಆಯಸ್ಕಾಂತ ಒಯ್ಯಬೇಕು, ತುಕ್ಕು ತಿಂದ ಕಡೆ ಮೋಸಗಾರರು ಪುಟ್ಟಿ ಮೆತ್ತಿ ಬಣ್ಣ ಬಳಿದಿರುತ್ತಾರೆ, ಅಂಥ ಕಡೆ ಆಯಸ್ಕಾಂತ ಅಂಟುವುದಿಲ್ಲ. ಇಷ್ಟು ಮೊದಲ ಪುಟ. ಪುಟ ತಿರುಗಿಸುವಷ್ಟರಲ್ಲಿ ನರ್ಸು ಅವನ ಹೆಸರು ಕೂಗಿದ್ದಳು. ಎರಡನೆಯ ಪುಟದಲ್ಲಿ ಏನಿತ್ತು ಎಂಬುದು ಈಗ ಇಡೀ ಊರಿಗೆ ಗೊತ್ತಿದೆ.

ಎಲ್ವುಡ್ ಹಂದಿಮರಿಯನ್ನು ಕಾರಿನ ಬಾಗಿಲಿಗೆ ಒತ್ತಿ ಕೈಬಿಟ್ಟ. ಅದು ಟಪ್ಪೆಂದು ನೆಲಕ್ಕೆ ಬಿತ್ತು.

"ಹೂಂ" ಎಂದ.

ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡಿಗಿಟ್ಟ. ಬಿತ್ತು. ಬಾನೆಟ್ಟಿನ ಮೇಲಿಟ್ಟ. ಜಾರಿತು. ಹಿಂದೆ ಹೋದ, ಇನ್ನೊಂದು ಬಾಗಿಲಿಗೆ ಬಂದ, ಬಗ್ಗಿದ, ಮಂಡಿಯೂರಿದ. ಐದನೆಯ ಸಲಕ್ಕೆ ಟೈ ಸಡಿಲ ಮಾಡಿದ. ಒಂಬತ್ತನೆಯ ಸಲಕ್ಕೆ ಹ್ಯಾಟು ತೆಗೆದು ಎದೆಗೆ ಹಿಡಿದ. ಹನ್ನೊಂದನೆಯ ಸಲ ಬಿದ್ದಾಗ ಹಂದಿಮರಿಯ ಒಂದು ಕಿವಿ ಹೋಯಿತು. ತಪ್ಪು ಹಂದಿಯದೇ ಇರಬಹುದೇ ಎಂದು, ಪಕ್ಕದಲ್ಲಿದ್ದ ತಗಡಿನ ನೀರಿನ ಡಬ್ಬಕ್ಕೆ ಹಿಡಿದ. ಹಂದಿ ಫಟ್ಟನೆ ಅಂಟಿಕೊಂಡಿತು. ಅಲ್ಲಿಗೆ ತೀರ್ಪಾಯಿತು.

ಮಿಸ್ ಓಪಲ್ ಐಸ್ ಹಾಕಿದ ಸಿಹಿ ಟೀ ಹಿಡಿದು ಬಂದರು. "ಅದೇನೋ ಎಲ್ವುಡ್, ಹಂದಿ ಜೊತೆ ಆಟ?"

"ಮಿಸ್ ಓಪಲ್, ನೀವು ಕೂತ್ಕೊಳ್ಳಿ."

"ಕೆಟ್ಟ ಸುದ್ದಿನ ನಾನು ನಿಂತೇ ಕೇಳೋದು. ಹೇಳು."

"ಬಾಗಿಲು ಪುಟ್ಟಿ."

"ಹಂಗಂದ್ರೆ?"

"ಕಬ್ಬಿಣ ತುಕ್ಕು ಹಿಡಿದು ಉದುರಿಹೋದ ಕಡೆ ಮೆತ್ತೋ ಪೇಸ್ಟು. ಬಾಗಿಲು ಪುಟ್ಟಿ, ಬಾನೆಟ್ಟು ಪುಟ್ಟಿ, ಹಿಂದ್ಗಡೆ ಪೂರ್ತಿ ಪುಟ್ಟಿ. ಮಿಸ್ ಓಪಲ್, ಇಪ್ಪತ್ತೆರಡು ವರ್ಷದಿಂದ ಗಾಡಿಗಳ ಜೊತೆ ಇದೀನಿ. ಅಲ್ಲಲ್ಲಿ ಮೆತ್ತಿರೋದು ನೋಡಿದೀನಿ. ಇಡೀ ಕಾರನ್ನೇ ಪುಟ್ಟೀಲಿ ಮಾಡಿರೋದನ್ನ ನೋಡ್ತಿರೋದು ಇದೇ ಮೊದಲು."

ನಾನು ಅನೇಕ ಬಗೆಯ ಮೌನಗಳನ್ನು ಬಲ್ಲೆ. ಆಸ್ಪತ್ರೆಯದು, ಸ್ಮಶಾನದ್ದು, ಕಾಣಿಕೆ ತಟ್ಟೆ ಎದುರು ಬಂದಾಗಿನದು. ಮಿಸ್ ಓಪಲ್ ಅವರ ಆ ಹೊತ್ತಿನ ಮೌನ ಯಾವ ಜಾತಿಗೂ ಸೇರಿರಲಿಲ್ಲ.

"ಹಾಗಾದ್ರೆ ಆ ಮನುಷ್ಯ ನಂಗೆ ಸುಳ್ಳು ಹೇಳ್ದ" ಎಂದರು ಕೊನೆಗೆ. "'ಓಪಲ್, ಇದಕ್ಕೆ ಜನ್ಮದಲ್ಲಿ ತುಕ್ಕು ಹಿಡಿಯಲ್ಲ' ಅಂದಿದ್ದ. ಹೌದಪ್ಪ, ತುಕ್ಕು ಹಿಡಿಯೋಕೆ ಕಬ್ಬಿಣ ಅಂತ ಇರ್ಬೇಕಲ್ಲ!"

ಇಡೀ ಪ್ರಕರಣದಲ್ಲಿ ಯಾರಾದರೂ ಆಡಿದ ಅತ್ಯಂತ ಸರಿಯಾದ ಮಾತು ಅದೇ ಆಗಿತ್ತು. ಆದರೆ ಅಲ್ಲಿದ್ದ ಮೂವರಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

"ಐನೂರು ಡಾಲರು" ಎಂದರು ಮಿಸ್ ಓಪಲ್. "ಸೋಮವಾರ ಕಾಗದ ಮಾಡ್ಕೊ. ಈ ಅವಮಾನ ನನ್ನ ಶೆಡ್ಡಲ್ಲಿರೋದು ಬೇಡ."

ಎಲ್ವುಡ್ ನನ್ನ ಕಡೆ ನೋಡಿದ. ಗೆದ್ದವನ ಮುಖವಲ್ಲ ಅದು. ಆಸೆಪಟ್ಟ ಹುಡುಗಿ ಮದುವೆಗೆ ಒಪ್ಪಿದ ಗಳಿಗೆಯಲ್ಲೇ ಅವಳ ಹಲ್ಲೆಲ್ಲ ಕಟ್ಟಿಸಿದ್ದು ಎಂದು ತಿಳಿದವನ ಮುಖ. ಆದರೂ "ತಗೋತೀನಿ" ಎಂದ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಗೋರಿಕಲ್ಲು ಕೆತ್ತುವ ಕ್ಲೀಟಸ್ ಫೋನು ಮಾಡಿದ. "ಪಾಸ್ಟರ್, ಒಂದು ಸಮಸ್ಯೆ. ಹರ್ಶೆಲ್ ಗ್ಯಾಡಿ ಕಲ್ಲಿನ ಮೇಲೆ 'ಪ್ರಾಮಾಣಿಕ ಮನುಷ್ಯ' ಅಂತ ಕೆತ್ತು ಅಂದಿದ್ರು ಮಿಸ್ ಓಪಲ್. ಈಗ ತಾನೆ ಬಂದು ನಿಲ್ಸು ಅಂದ್ರು."

"ನಿಲ್ಲಿಸಿ ಹಾಗಾದ್ರೆ."

"ನಿಲ್ಸಿದೀನಿ. ಆದ್ರೆ 'ಪ್ರಾಮಾ' ಅಂತ ಕೆತ್ತಾಗಿತ್ತು. ಅದನ್ನ ಹಂಗೇ ಬಿಟ್ರೆ ನೋಡಿದವರು ಏನಂದ್ಕೊಳ್ತಾರೆ? ಅಳಿಸೋಕೆ ಇದು ಸೀಮೆಸುಣ್ಣ ಅಲ್ಲ ಪಾಸ್ಟರ್, ಗ್ರಾನೈಟು."

ರಸ್ತೆ ದಾಟಿ ಮಿಸ್ ಓಪಲ್ ಮನೆಗೆ ಓಡಿದೆ. ಹರ್ಶೆಲ್ಲರ ಫೋಟೋ ಗೋಡೆಗೆ ಮುಖ ಮಾಡಿ ನೇತಾಡುತ್ತಿತ್ತು. ಮಿಸ್ ಓಪಲ್ ಚರ್ಚಿನ ಭಾನುವಾರದ ಸಹಭೋಜನಕ್ಕೆ ಕೋಳಿ ಕೊಚ್ಚುತ್ತಿದ್ದರು. ಅವರು ಕತ್ತಿ ಎತ್ತುತ್ತಿದ್ದ ಎತ್ತರ ನೋಡಿದರೆ ಕೋಳಿಯೊಂದೇ ಅವರ ಮನಸ್ಸಿನಲ್ಲಿರಲಿಲ್ಲ.

"ಮಿಸ್ ಓಪಲ್, ಸತ್ತವರನ್ನ ಕ್ಷಮಿಸ್ಬೇಕು."

"ಕ್ಷಮಿಸ್ತೀನಿ ಪಾಸ್ಟರ್. ಸಿಕ್ಕಿದ ಮೇಲೆ. ಮೊದಲು ಎರಡು ಮಾತು ಕೇಳೋದಿದೆ." ಕತ್ತಿ ಇಳಿಯಿತು. "ಊರಿಗೆಲ್ಲ ಒಂದು ಮೊಳೆ ಹೆಚ್ಚು ಕೊಡ್ತಿದ್ದ. ಹೆಂಡ್ತಿಗೆ ಮಾತ್ರ ಪುಟ್ಟಿ."

ಅಲ್ಲಿಂದ ಎಲ್ವುಡ್‌ನ ಮನೆಗೆ ಹೋದೆ. ಅಲ್ಲಿ ಹಬ್ಬದ ವಾತಾವರಣವಿತ್ತು. ಲರ್ಲೀನ್ ಬಚ್ಚಲುಮನೆಯ ಪುಸ್ತಕ ಹರಡಿಕೊಂಡು ನಲ್ಲಿಗಳನ್ನು ಆರಿಸುತ್ತಿದ್ದಳು. "ಐನೂರಂತೆ ಪಾಸ್ಟರ್! ಹದಿನೆಂಟು ಸಾವಿರದ್ದು ಐನೂರಕ್ಕೆ! ಇಪ್ಪತ್ತಾರು ವರ್ಷ ಇವನ ಕಾರಿನ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಕೊನೆಗೂ ಆ ಮಾತಿಂದ ನಂಗೊಂದು ಸ್ನಾನದ ತೊಟ್ಟಿ ಬಂತು."

ಎಲ್ವುಡ್ ಮಾತ್ರ ಮಂಕಾಗಿದ್ದ. ಪುಟ್ಟಿಯ ಕಾರು ಮಳೆಯಲ್ಲಿ ಕರಗುತ್ತದೆಯೇ ಎಂಬ ಚಿಂತೆ ಅವನಿಗೆ. ಇಬ್ಬರೂ ಡೂಲಿಯ ಗ್ಯಾರೇಜಿಗೆ ಹೋದೆವು.

ಡೂಲಿ ಮೇಲೆತ್ತಿದ ಪಿಕಪ್ಪಿನ ಕೆಳಗೆ ನಿಂತಿದ್ದ. ಎಲ್ವುಡ್ ಗಂಟಲು ಸರಿಪಡಿಸಿಕೊಂಡ. "ಡೂಲಿ, ಒಂದು ಕಾರಿದೆ. ಮೂತಿಯಿಂದ ಬಾಲದ ತನಕ ಪುಟ್ಟಿ. ಕೆರೆದು ತೆಗೆದು ತಗಡು ಹಾಕೋಕೆ ಎಷ್ಟು ದಿನ ಬೇಕು?"

"ಯಾವ ಕಾರು?"

"ಹರ್ಶೆಲ್ ಗ್ಯಾಡಿ ಅವರ ಕಾರ್ವೆಟ್ಟು. ಮ್ಯಾಗ್ನೆಟ್ ಹಾಕಿ ನೋಡಿದೆ. ಒಂದು ಕಡೆನೂ ಅಂಟಲಿಲ್ಲ."

ಡೂಲಿ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಯಾರೋ ಎಮ್ಮೆಗೆ ಕಚಗುಳಿ ಇಟ್ಟಂಥ ಸದ್ದು ಬಂತು. ನಾಲ್ಕು ನಿಮಿಷದ ನಂತರ ಹೊರಬಂದಾಗ ಅವನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು, ಕಣ್ಣು ಒದ್ದೆಯಾಗಿತ್ತು.

"ಎಲ್ವುಡ್" ಎಂದ. "ಅದು ಫೈಬರ್‌ಗ್ಲಾಸು."

"ಯಾವ ಭಾಗ?"

"ಬಾಡಿ ಪೂರ್ತಿ. ಕಾರ್ಖಾನೇಲೇ ಹಂಗೆ ಮಾಡೋದು. ಮೊದಲನೇ ಕಾರ್ವೆಟ್ಟಿಂದ ಇವತ್ತಿನ ತನಕ ಎಲ್ಲ ಹಂಗೇ. ತುಕ್ಕು ಹಿಡಿಯೋಕೆ ಅದರ ಮೈಯಲ್ಲಿ ತಗಡೇ ಇಲ್ಲ. ಬೌಲಿಂಗ್ ಗ್ರೀನ್ ಊರಲ್ಲಿ ಅದನ್ನ ಕಟ್ತಾರೆ ಕಣಪ್ಪ, ಇಲ್ಲಿಂದ ಒಂದು ಗಂಟೆ ದಾರಿ. ನನ್ನ ಭಾಮೈದ ಅಲ್ಲೇ ಕೆಲಸಕ್ಕಿರೋದು. ಕೆಂಟಕೀಲಿ ಹುಟ್ಟಿದ ಕರುಗೂ ಇದು ಗೊತ್ತು."

ಹನ್ನೊಂದು ವರ್ಷಗಳಲ್ಲಿ ಡೂಲಿ ಒಟ್ಟಾಗಿ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಎಲ್ವುಡ್ ಒಂದು ಟೈರಿನ ಮೇಲೆ ಕೂತ.

"ಅಂದ್ರೆ ಕಾರು ಚೆನ್ನಾಗಿದೆಯಾ?"

"ಹರ್ಶೆಲ್ ಹೇಳಿದ್ದ ರೇಟು ಕಮ್ಮಿನೇ ಆಯ್ತು."

ನಾವು ಹೊರಗೆ ಬಂದೆವು. "ಈಗಲೇ ಹೋಗಿ ಮಿಸ್ ಓಪಲ್‌ಗೆ ಹೇಳಿಬಿಡಿ" ಎಂದೆ.

"ಹೇಳ್ತೀನಿ ಪಾಸ್ಟರ್. ಹೇಳದೆ ಇರ್ತೀನಾ? ಸೋಮವಾರ ಹೇಳ್ತೀನಿ."

"ಕಾಗದಕ್ಕೆ ಮುಂಚೆಯೋ, ಆಮೇಲೋ?"

ಎಲ್ವುಡ್ ರಸ್ತೆಯ ಆಚೆ ಬದಿಯ ಬೇಲಿಯನ್ನು ಬಹಳ ಆಸಕ್ತಿಯಿಂದ ನೋಡಿದ. "ಐನೂರು ಅಂದಿದ್ದು ನಾನಲ್ಲ, ಅವರೇ" ಎಂದ. ಸ್ವಲ್ಪ ದೂರ ನಡೆದ ಮೇಲೆ, "ಲರ್ಲೀನ್ ನಲ್ಲಿ ಆರ್ಸಿಬಿಟ್ಟಿದಾಳೆ" ಎಂದ. ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ನಂಗೆ ಕಾರಿನ ಬಗ್ಗೆ ಗೊತ್ತಿಲ್ಲ ಅಂತ ನನ್ನ ಬಾಯಿಂದ್ಲೇ ಹೇಳ್ಬೇಕಲ್ಲ ಪಾಸ್ಟರ್" ಎಂದ. ಮೂರು ಕಾರಣಗಳಲ್ಲಿ ಭಾರವಾದದ್ದು ಮೂರನೆಯದೇ ಎಂದು ಅವನ ನಡಿಗೆಯೇ ಹೇಳುತ್ತಿತ್ತು.

ನಾಳೆ ಆರಾಧನೆ ಮುಗಿದ ಕೂಡಲೇ ಅವನು ಹೇಳಬೇಕು, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದು ಒಪ್ಪಂದವಾಯಿತು. ಆದರೆ ನಮ್ಮ ಚರ್ಚಿನಲ್ಲಿ ಒಂದು ಪದ್ಧತಿಯಿದೆ. ನನ್ನ ಉಪದೇಶಕ್ಕೆ, ಅಂದರೆ ಪ್ರಸಂಗಕ್ಕೆ, ಮೊದಲು ಯಾರಿಗೆ ಸುಖವಿದೆಯೋ, ಯಾರಿಗೆ ಕಷ್ಟವಿದೆಯೋ ಅವರು ಎದ್ದುನಿಂತು ಹೇಳಬೇಕು. ಸಭೆಯೆಲ್ಲ ಅವರಿಗಾಗಿ ಪ್ರಾರ್ಥಿಸುತ್ತದೆ. ಸಾಮಾನ್ಯವಾಗಿ ಮಂಡಿನೋವು, ಮೊಮ್ಮಕ್ಕಳು, ಮಳೆ, ಇಷ್ಟರಲ್ಲಿ ಮುಗಿಯುತ್ತದೆ.

ಆ ಭಾನುವಾರ ಮಿಸ್ ಓಪಲ್ ಎದ್ದು ನಿಂತರು.

"ನನ್ನ ಗಂಡ ಹರ್ಶೆಲ್‌ನ ಆತ್ಮಕ್ಕೋಸ್ಕರ ಪ್ರಾರ್ಥನೆ ಮಾಡ್ಬೇಕು" ಎಂದರು. "ಅವನಿಗೆ ಅದರ ಅಗತ್ಯ ಬಹಳ ಇದೆ. ಇಪ್ಪತ್ತೆರಡು ವರ್ಷ ನಂಗೆ ಮೋಸ ಮಾಡ್ದ. ಆ ಕಾರು ಪೂರ್ತಿ ಪುಟ್ಟಿ. ಎಲ್ವುಡ್ ಟಿಪ್ಟನ್ ಮ್ಯಾಗ್ನೆಟ್ ಹಾಕಿ ನೋಡ್ದ. ಒಂದು ಕಡೆನೂ ಅಂಟಲಿಲ್ಲ. ಪಾಪ, ಆ ಕಸಾನ ತಗೊಂಡು ಹೋಗ್ತೀನಿ ಅಂದಿದಾನೆ ಪುಣ್ಯಾತ್ಮ. ಅವನಿಗೋಸ್ಕರಾನೂ ಪ್ರಾರ್ಥಿಸಿ."

ಹೆಂಗಸರು ಅಯ್ಯೋ ಎಂದರು. ಬಲಗಡೆಯ ಸಾಲುಗಳಲ್ಲಿ ಮೂವತ್ತಕ್ಕೂ ಹೆಚ್ಚು ಗಂಡಸರಿದ್ದರು. ಅಷ್ಟೂ ಕತ್ತುಗಳು ಒಂದೇ ವೇಗದಲ್ಲಿ, ಒಂದೇ ದಿಕ್ಕಿಗೆ, ಎಲ್ವುಡ್‌ನತ್ತ ತಿರುಗಿದವು. ಗಾಯನವೃಂದವನ್ನು ಅಷ್ಟು ಒಮ್ಮತಕ್ಕೆ ತರಲು ನನ್ನಿಂದ ಹನ್ನೊಂದು ವರ್ಷದಲ್ಲಿ ಆಗಿಲ್ಲ. ಹಿಂದಿನ ಬೆಂಚಿನಲ್ಲಿ ಡೂಲಿ ಸ್ತೋತ್ರದ ಪುಸ್ತಕವನ್ನು ಮುಖಕ್ಕೆ ಒತ್ತಿಕೊಂಡಿದ್ದ. ಪುಸ್ತಕ ತಲೆಕೆಳಗಾಗಿತ್ತು, ನಡುಗುತ್ತಿತ್ತು.

ನಾನು ಪ್ರಾರ್ಥನೆ ಶುರುಮಾಡಬೇಕಿತ್ತು. ಮಾಡಲಿಲ್ಲ. ಸುಮ್ಮನೆ ನಿಂತೆ. ಪಾಸ್ಟರ್ ಆದವನಿಗೆ ಬಾಯಿ ಮುಚ್ಚಿ ನಿಲ್ಲುವುದಕ್ಕಿಂತ ದೊಡ್ಡ ಪ್ರಸಂಗ ಗೊತ್ತಿಲ್ಲ.

ಎಲ್ವುಡ್ ಎದ್ದ. "ಮಿಸ್ ಓಪಲ್, ಇದರಲ್ಲಿ ಒಂದು ತಾಂತ್ರಿಕ ವಿಷಯ ಇದೆ" ಎಂದ. "ಗೇರ್‌ಬಾಕ್ಸಿಂದ ಶುರುಮಾಡೋದಾದ್ರೆ..." ಎಂದ. ಸಭೆ ಕಾಯಿತು. ಗೇರ್‌ಬಾಕ್ಸಿನಿಂದ ಏನೂ ಶುರುವಾಗಲಿಲ್ಲ. ಲರ್ಲೀನ್ ಅವನ ಕೋಟಿನ ಅಂಚು ಹಿಡಿದು ಕೆಳಗೆ ಎಳೆಯುತ್ತಿದ್ದಳು. ಎಲ್ವುಡ್ ಅದನ್ನು ಬಿಡಿಸಿಕೊಂಡ.

"ಹರ್ಶೆಲ್ ಸುಳ್ಳು ಹೇಳಿಲ್ಲ, ಮಿಸ್ ಓಪಲ್. ಆ ಕಾರಿನ ಮೈನೇ ಫೈಬರ್ರು. ಹುಟ್ಟಿದಾಗಿಂದ ಹಂಗೆ. ತುಕ್ಕು ಹಿಡಿಯಲ್ಲ, ಮ್ಯಾಗ್ನೆಟ್ಟೂ ಹಿಡಿಯಲ್ಲ. ಹದಿನೆಂಟು ಸಾವಿರಕ್ಕಿಂತ ಹೆಚ್ಚೇ ಬಾಳುತ್ತೆ. ನಿನ್ನೆ ಮಧ್ಯಾಹ್ನದಿಂದ ನಂಗಿದು ಗೊತ್ತು. ಹೇಳಲಿಲ್ಲ." ನಿಲ್ಲಿಸಿದ. ಬೆವರು ಒರೆಸಿಕೊಂಡ. "ನಂಗೆ ಕಾರುಗಳ ಬಗ್ಗೆ ಏನೇನೂ ಗೊತ್ತಿಲ್ಲ."

ಹಿಂದಿನ ಬೆಂಚಿನಿಂದ ಡೂಲಿಯ ದನಿ ಗಟ್ಟಿಯಾಗಿ ಕೇಳಿತು: "ಆಮೆನ್!"

ಮೆಥಡಿಸ್ಟರು ಹಾಗೆ ನಡುವೆ ಕೂಗುವವರಲ್ಲ. ಆದರೆ ಆ ಒಂದು ಆಮೆನ್ ಮೂವತ್ತು ಆಮೆನ್‌ಗಳಾಗಿ ಬಲಗಡೆಯ ಸಾಲುಗಳಲ್ಲಿ ಉರುಳಿತು. ಮಿಸ್ ಓಪಲ್ ಮಾತ್ರ ಅಲುಗಾಡದೆ ನಿಂತಿದ್ದರು. "ಪಾಸ್ಟರ್, ನಂಗೆ ಸ್ವಲ್ಪ ಕ್ಲೀಟಸ್‌ಗೆ ಫೋನ್ ಮಾಡ್ಬೇಕು" ಎಂದು ಹೇಳಿ ಹೊರನಡೆದರು. ಅವತ್ತು ನನ್ನ ಪ್ರಸಂಗವನ್ನು ಯಾರೂ ಕೇಳಲಿಲ್ಲ. ವಿಷಯ ಸತ್ಯ ಎಂಬುದಾಗಿತ್ತು.

ಸಹಭೋಜನದಲ್ಲಿ ಎಲ್ವುಡ್ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದ. ಲರ್ಲೀನ್ ಇನ್ನೊಂದು ಮೂಲೆಯಲ್ಲಿದ್ದಳು. ಮಿಸ್ ಓಪಲ್ ಕೋಳಿಯ ಪಾತ್ರೆ ಹಿಡಿದು ನೇರವಾಗಿ ಅವನ ಬಳಿಗೆ ಹೋದರು.

"ನಿನ್ನಿಂದ ನಾನು ದೇವರ ಮುಂದೆ ನನ್ನ ಗಂಡನ ಮಾನ ಕಳೆದೆ, ಎಲ್ವುಡ್."

"ಹೌದು, ಮಿಸ್ ಓಪಲ್."

"ನಿನ್ನಿಂದಾನೇ ವಾಪಸ್ಸೂ ಬಂತು." ಅವನ ತಟ್ಟೆಗೆ ಒಂದು ತೊಡೆ ಹಾಕಿದರು. "ಹದಿನೆಂಟು ಸಾವಿರ. ಈಗ್ಲೂ ಬೇಕಾ?"

ಎಲ್ವುಡ್ ಲರ್ಲೀನಳ ಕಡೆ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಕಲ್ಲಾಗುತ್ತಿದ್ದ. "ಬೇಕು" ಎಂದ.

"ಹಾಗಾದ್ರೆ ಮೊದಲು ಒಂದು ಸುತ್ತು ನನ್ನನ್ನ ಅದರಲ್ಲಿ ಕರ್ಕೊಂಡು ಹೋಗು. ಮಾರೋದು ಏನು ಅಂತ ನಂಗೂ ಗೊತ್ತಾಗ್ಲಿ."

ಸಭೆ ಇಡಿಯಾಗಿ, ಕೈಯಲ್ಲಿ ತಟ್ಟೆ ಹಿಡಿದುಕೊಂಡೇ, ರಸ್ತೆ ದಾಟಿತು. ಮಿಸ್ ಓಪಲ್ ಹ್ಯಾಟಿಗೆ ಸ್ಕಾರ್ಫು ಕಟ್ಟಿ, ಆ ಕಾರಿನಲ್ಲಿ ತಮ್ಮ ಜೀವಮಾನದಲ್ಲೇ ಮೊದಲ ಬಾರಿಗೆ ಕೂತರು. ಎಲ್ವುಡ್ ಚಾಲಕನ ಸೀಟಿಗೆ ಇಳಿದ. ಕೀ ತಿರುಗಿಸಿದ. ಎಂಜಿನ್ನಿನ ಸದ್ದಿಗೆ ಅವನ ಕಣ್ಣು ತುಂಬಿತು. ಆಮೇಲೆ ಕೆಳಗೆ ಕಾಲಿನ ಕಡೆ ನೋಡಿದ. ಬಹಳ ಹೊತ್ತು ನೋಡಿದ.

"ಇಲ್ಲಿ ಮೂರು ಪೆಡಲ್ ಇದಾವೆ" ಎಂದ.

"ಒಂದು ಕ್ಲಚ್ಚು!" ಎಂದು ಡೂಲಿ ಕೂಗಿದ.

ಎಲ್ವುಡ್ ಜೀವಮಾನವಿಡೀ ಓಡಿಸಿದ್ದು ಗೇರು ತಾನಾಗಿಯೇ ಬದಲಾಗುವ ಗಾಡಿಗಳನ್ನು. ಮನುಷ್ಯನ ಕೈಯಿಂದ ಬದಲಾಗುವ ಗೇರನ್ನು ಅವನು ಅರ್ಜಿಯ ಒಂದು ಅಂಕಣವಾಗಿ ಮಾತ್ರ ಬಲ್ಲ. ಯಾವುದೋ ಪೆಡಲ್ ಒತ್ತಿದ, ಯಾವುದೋ ಬಿಟ್ಟ. ಕಾರು ಕಪ್ಪೆಯಂತೆ ಒಮ್ಮೆ ನೆಗೆದು ನಿಂತಿತು. ಇನ್ನೊಮ್ಮೆ ನೆಗೆದು, 'ಮಾರಾಟಕ್ಕಿದೆ' ಹಲಗೆಯನ್ನು ಮಲಗಿಸಿ ನಿಂತಿತು. ಮೂರನೆಯ ನೆಗೆತಕ್ಕೆ ಮಿಸ್ ಓಪಲ್ ಅವರ ಹ್ಯಾಟು ಮೂಗಿಗೆ ಇಳಿಯಿತು.

ಅವರು ಅದನ್ನು ಮೇಲಕ್ಕೆತ್ತಿದರು. "ಈ ಕಡೆ ಬಾ ಎಲ್ವುಡ್."

"ಮಿಸ್ ಓಪಲ್?"

"ಹನ್ನೊಂದು ವರ್ಷಕ್ಕೇ ನಮ್ಮಪ್ಪನ ತಂಬಾಕಿನ ಲಾರಿ ಓಡಿಸಿದೋಳು ನಾನು. ಏಳು ಮೇಲೆ."

ಜಾಗ ಬದಲಾಯಿತು. ಮಿಸ್ ಓಪಲ್ ಗೇರಿನ ಹಿಡಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದರು, ಹಿಟ್ಟಿನ ಹದ ನೋಡುವಂತೆ. ಮರುಕ್ಷಣ ಅಲ್ಲಿ ಕಾರು ಇರಲಿಲ್ಲ. ನಮ್ಮ ಆಲೂಗಡ್ಡೆ ಸಲಾಡಿನ ಮೇಲೆ ತೆಳುವಾದ ಧೂಳು ಕೂತಿತ್ತು. ಗುಡ್ಡದ ಕಡೆಯಿಂದ ಎಂಜಿನ್ನಿನ ಸದ್ದೂ ಅದರ ಮೇಲೆ ಎಲ್ವುಡ್‌ನ ಸದ್ದೂ ಕೇಳಿಬಂದವು. ಕ್ರಮೇಣ ಎರಡೂ ದೂರವಾದವು.

ಅವರು ಹಿಂತಿರುಗಿದ್ದು ಒಂದೂವರೆ ಗಂಟೆಯ ನಂತರ. ಎಲ್ವುಡ್ ಬಾಗಿಲು ಹಿಡಿದುಕೊಂಡು ಇಳಿದ. ಕೂದಲು ಹಿಂದಕ್ಕೆ ನೆಟ್ಟಗಾಗಿತ್ತು. ಮಿಸ್ ಓಪಲ್ ಇಳಿಯಲಿಲ್ಲ. ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಮುಂದೆ ನೋಡುತ್ತ ಕೂತಿದ್ದರು. "ಇಪ್ಪತ್ತೆರಡು ವರ್ಷ" ಎಂದರು, ಯಾರಿಗೂ ಅಲ್ಲದಂತೆ. "ಒಂದು ಸಲ ಬಲವಂತ ಮಾಡಿ ಕೂರಿಸೋದಲ್ವಾ, ಹುಚ್ಚಪ್ಪ." ಕಾರನ್ನು ಶೆಡ್ಡಿಗೆ ಹಾಕಿ, ತಾವೇ ಬಗ್ಗಿ ಬಿದ್ದ ಹಲಗೆಯನ್ನು ಎತ್ತಿಕೊಂಡು ಒಲೆಗೆಂದು ಒಳಗೆ ಒಯ್ದರು. ಲರ್ಲೀನ್ ಅವರನ್ನು ಅಪ್ಪಿಕೊಳ್ಳಲು ಓಡಿದಳು.

ಸೋಮವಾರ ನನ್ನ ಮೂರು ಬಾಗಿಲಿನ ಗಾಡಿಯ ನೋಂದಣಿಗೆ ಮೂರನೆಯ ಕಿಟಕಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಮಿಸ್ ಓಪಲ್ ಇದ್ದರು. ಕಾರ್ವೆಟ್ಟನ್ನು ಹರ್ಶೆಲ್ಲರ ಹೆಸರಿನಿಂದ ತಮ್ಮ ಹೆಸರಿಗೆ ಮಾಡಿಸಲು ಬಂದಿದ್ದರು.

ಎಲ್ವುಡ್ ಕಾಗದಗಳನ್ನು ಒಂದೊಂದಾಗಿ ನೋಡಿದ. ಹುಟ್ಟಿದ ತಾರೀಖಿನ ಅಂಕಣದ ಮೇಲೆ ಅವನ ಬೆರಳು ನಿಂತಿತು.

"ಮಿಸ್ ಓಪಲ್, ಯಾವತ್ತಾದ್ರೂ ಮಾರೋದಾದ್ರೆ..."

"ಮೊದಲು ನಿಂಗೇ ಹೇಳ್ತೀನಿ, ಎಲ್ವುಡ್. ಆಣೆ. ಅಷ್ಟರೊಳಗೆ ಕ್ಲಚ್ ಕಲಿತಿರು." ಅವರು ಕೈಚೀಲದಿಂದ ಕಪ್ಪು ಕನ್ನಡಕ ತೆಗೆದು ಹಾಕಿಕೊಂಡರು. "ಆದ್ರೆ ನಮ್ಮಮ್ಮ ತೊಂಬತ್ತಾರು ವರ್ಷ ಬದುಕಿದ್ಲು."

ಎಲ್ವುಡ್ ಪೆನ್ಸಿಲು ಎತ್ತಿಕೊಂಡು, ಒಂದು ಚೂರು ಕಾಗದದ ಮೇಲೆ ತೊಂಬತ್ತಾರರಲ್ಲಿ ಮಿಸ್ ಓಪಲ್ ಅವರ ಅರವತ್ತೊಂಬತ್ತನ್ನು ಕಳೆದ. ಉಳಿದದ್ದನ್ನು ತನ್ನ ವಯಸ್ಸಿಗೆ ಕೂಡಿಸಿದ. ಬಂದ ಉತ್ತರವನ್ನು ಸ್ವಲ್ಪ ಹೊತ್ತು ನೋಡಿ, ಮುದ್ರೆ ಒತ್ತಿದ.